ಅರ್ಧ ಬ್ಲೇಡಿನಿಂದ ಟ್ರಿಮ್ ಕಮಾಂಡಿನ ತನಕ

ಕನ್ನಡದಲ್ಲಿ ನಾವು ಯಾವ ಯೋಜನೆಗಾದರೂ ‘ನೀಲನಕ್ಷೆ’ ಅಂತೀವಿ. ಚುನಾವಣೆ ಗೆಲ್ಲೋದಕ್ಕೂ ನೀಲನಕ್ಷೆ, ಬ್ಯಾಂಕ್ ದರೋಡೆಗೂ ನೀಲನಕ್ಷೆ. ಆ ನೀಲಿ ಬಂದದ್ದು 1842ರಲ್ಲಿ. ಜಾನ್ ಹರ್ಷೆಲ್ ಅನ್ನುವ ಇಂಗ್ಲೆಂಡಿನ ವಿಜ್ಞಾನಿ ಕಬ್ಬಿಣದ ಲವಣ ಸವರಿದ ಕಾಗದವನ್ನು ಬಿಸಿಲಿಗೆ ಒಡ್ಡಿ, ನೀರಲ್ಲಿ ತೊಳೆದು, ಗಾಢ ನೀಲಿ ಬಣ್ಣ ಬರಿಸುವ ವಿಧಾನ ಕಂಡುಹಿಡಿದ. ಅಂಥ ಕಾಗದದ ಮೇಲೆ ನಕ್ಷೆಯಿರುವ ಟ್ರೇಸಿಂಗ್ ಹಾಳೆ ಇಟ್ಟು ಬೆಳಕಿಗೆ ಹಿಡಿದರೆ ಗೆರೆ ಇದ್ದಲ್ಲಿ ಬಿಳಿ, ಮಿಕ್ಕಿದ್ದೆಲ್ಲ ನೀಲಿ. ಆಮೇಲೆ ಅಮೋನಿಯಾ ಪ್ರಿಂಟ್ ಬಂತು, ಬಿಳಿ ಹಾಳೆಯ ಮೇಲೆ ನೀಲಿ ಗೆರೆ ಬಂತು. ಈಗ ಪ್ಲಾಟರಿನಿಂದ ಕಪ್ಪು ಗೆರೆ ಬರುತ್ತೆ. ಹೆಸರು ಮಾತ್ರ ನೀಲಿಯಾಗೇ ಉಳಿದುಬಿಡ್ತು.

ಆದರೆ ಇದೆಲ್ಲ ನಕಲಿನ ಕಥೆ. ನಾನು ಹೇಳಹೊರಟಿರೋದು ಅಸಲಿನ ಕಥೆ, ಅಂದರೆ ಆ ನಕಲಿಗೆ ಮೂಲವಾದ ಟ್ರೇಸಿಂಗ್ ಹಾಳೆಯ ಕಥೆ. ಅದರಲ್ಲೂ ಒಂದು ಸಣ್ಣ ಪ್ರಶ್ನೆ: ಆ ಹಾಳೆಯ ಮೇಲೆ ಇಂಕಿನಲ್ಲಿ ಗೆರೆ ತಪ್ಪಿದರೆ ಏನು ಮಾಡ್ತಿದ್ರು?

ಬ್ಲೇಡಿನಿಂದ ಕೆರೀತಿದ್ರು. ಗಡ್ಡ ಹೆರೆಯೋ ಬ್ಲೇಡನ್ನು ಉದ್ದಕ್ಕೆ ಮುರಿದು ಎರಡು ಮಾಡಿ, ಅರ್ಧ ತುಂಡನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಇಂಕು ಒಣಗಿದ ಮೇಲೆ ಹಗುರವಾಗಿ ಕೆರೆಯೋದು. ಜೋರಾಗಿ ಕೆರೆದರೆ ಹಾಳೆ ತೂತು. ನಿಧಾನಕ್ಕೆ ಕೆರೆದರೂ ಆ ಜಾಗದ ನುಣುಪು ಹೋಗಿಬಿಡುತ್ತೆ, ಅದರ ಮೇಲೆ ಮತ್ತೆ ಪೆನ್ನಿಟ್ಟರೆ ಇಂಕು ಹರಡುತ್ತೆ. ಅದಕ್ಕೇ ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ ಉಜ್ಜಿ ಮತ್ತೆ ನುಣುಪು ತರ್ತಿದ್ರು. ಒಂದೇ ಜಾಗದಲ್ಲಿ ಎರಡು ಸಲ ಕೆರೆಯಬಹುದು, ಮೂರನೇ ಸಲಕ್ಕೆ ಹಾಳೆ ಬದಲಾಯಿಸಬೇಕು. ಹಾಳೆ ಬದಲಾಯಿಸೋದು ಅಂದರೆ ಮೂರು ದಿನದ ಕೆಲಸ ಮತ್ತೆ ಮೊದಲಿಂದ. ಪೆನ್ಸಿಲ್ ಕೆಲಸದಲ್ಲಿ ಇಷ್ಟು ಕಷ್ಟ ಇರಲಿಲ್ಲ, ರಬ್ಬರ್ ಇತ್ತು. ಪಕ್ಕದ ಗೆರೆ ಅಳಿಸಿಹೋಗದ ಹಾಗೆ ಕಾಯೋದಕ್ಕೆ ‘ಇರೇಸಿಂಗ್ ಶೀಲ್ಡ್’ ಅನ್ನುವ ತೆಳು ಸ್ಟೀಲ್ ತಗಡಿತ್ತು. ಅದರಲ್ಲಿ ಬೇರೆ ಬೇರೆ ಆಕಾರದ ಕಿಂಡಿಗಳು. ಬೇಡದ ಗೆರೆ ಮಾತ್ರ ಕಿಂಡಿಯಲ್ಲಿ ಕಾಣುವ ಹಾಗೆ ಇಟ್ಟು ರಬ್ಬರ್ ಉಜ್ಜಿದರೆ ಅಷ್ಟೇ ಅಳಿಯುತ್ತೆ, ಗಡಿಯಾಚೆಗಿನದು ಉಳಿಯುತ್ತೆ.

ಇವತ್ತು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಹುಡುಗ ಹುಡುಗಿಯರು ದಿನಕ್ಕೆ ನೂರಾರು ಸಲ ಒತ್ತುವ ‘ಟ್ರಿಮ್’ ಕಮಾಂಡಿನ ಅಜ್ಜ ಆ ತಗಡು.

ಅಳಿಸೋದು ಇಷ್ಟು ದುಬಾರಿಯಾಗಿದ್ದರಿಂದ ಹಳೇ ಡ್ರಾಫ್ಟ್ಸ್‌ಮನ್ನುಗಳ ಇಡೀ ಬುದ್ಧಿ ಅಳಿಸದಂತೆ ಬರೆಯೋದರ ಸುತ್ತಲೇ ಬೆಳೆದಿತ್ತು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ವಿದ್ಯೆ. ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. ಎರಡು ಗೆರೆ ಸೇರುವ ಮೂಲೆಯನ್ನು ದುಂಡಗೆ ಮಾಡಬೇಕು ಅಂದ್ಕೊಳ್ಳಿ. ಇಂಜಿನಿಯರಿಂಗಿನಲ್ಲಿ ಇದಕ್ಕೆ ಫಿಲೆಟ್ ಅಂತಾರೆ. ಎರಕ ಹೊಯ್ಯುವವರಿಗೆ ಇದು ಅಲಂಕಾರ ಅಲ್ಲ. ಒಳಮೂಲೆ ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲೇ ಸೇರಿ ಭಾಗ ಬಿರುಕು ಬಿಡುತ್ತೆ. 10 ಮಿಲಿಮೀಟರ್ ತ್ರಿಜ್ಯದ ದುಂಡು ಬೇಕು. ಎರಡೂ ಗೆರೆಗಳಿಗೆ ಒಳಗಡೆ 10 ಮಿಮೀ ದೂರದಲ್ಲಿ ಸಮಾಂತರವಾಗಿ ತೆಳ್ಳಗೆ ಪೆನ್ಸಿಲ್ ಗೆರೆ ಎಳೆಯಬೇಕು. ಅವೆರಡೂ ಕೂಡುವ ಜಾಗವೇ ಕೇಂದ್ರ. ಅಲ್ಲಿಂದ ಮೂಲ ಗೆರೆಗಳಿಗೆ ಲಂಬ ಇಳಿಸಿದರೆ ದುಂಡು ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೊತ್ತಾಗುತ್ತೆ. ಇಷ್ಟಾದ ಮೇಲೆ ಇಂಕು. ಇಂಕಿನಲ್ಲಿ ಮೊದಲು ಯಾವುದು ಬರೆಯಬೇಕು? ನಮ್ಮ ಸಹಜ ಬುದ್ಧಿಗೆ ನೇರ ಗೆರೆ ಅನ್ನಿಸುತ್ತೆ. ಅಲ್ಲ. ಮೊದಲು ಕೈವಾರದಿಂದ ಕಮಾನು, ಆಮೇಲೆ ಅದಕ್ಕೆ ಅಂಟುವ ಹಾಗೆ ನೇರ ಗೆರೆ. ಯಾಕೆಂದರೆ ಕಮಾನಿಗೆ ಗೆರೆ ಸೇರಿಸೋದು ಸುಲಭ, ಗೆರೆಗೆ ಕಮಾನು ಸೇರಿಸೋದು ಕಷ್ಟ. ಕೂದಲೆಳೆ ತಪ್ಪಿದರೂ ಸೇರುವಲ್ಲಿ ಗಂಟು ಕಾಣುತ್ತೆ. ಡ್ರಾಯಿಂಗ್ ಕಲಿಸುವ ಪುಸ್ತಕಗಳೆಲ್ಲ ಒತ್ತಿ ಹೇಳುತ್ತಿದ್ದ ನಿಯಮ ಇದು.

ನಮ್ಮ ಕಡೆ ಕೆ.ಆರ್. ಗೋಪಾಲಕೃಷ್ಣ ಅವರ ಇಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕ ಓದದೆ ಇಂಜಿನಿಯರ್ ಆದವರು ಕಮ್ಮಿ. ಗುಜರಾತಿನಿಂದ ಬಂದ ಎನ್.ಡಿ. ಭಟ್ ಅವರ ಪುಸ್ತಕವೂ ಅಷ್ಟೇ. ಮಿನಿ ಡ್ರಾಫ್ಟರನ್ನು ಬೆನ್ನಿಗೆ ನೇತುಹಾಕಿಕೊಂಡು ಸಿಟಿ ಬಸ್ ಹತ್ತಿದವರಿಗೆ ನಾನು ಹೇಳ್ತಿರೋದು ಚೆನ್ನಾಗಿ ಗೊತ್ತಿರುತ್ತೆ. ಕಂಡಕ್ಟರ್ ಬೈಗುಳ ಸಮೇತ.

ಈ ಲೋಕದಲ್ಲಿ ಕೆಲಸಗಳಿಗೂ ಮೆಟ್ಟಿಲುಗಳಿದ್ದವು. ನಮ್ಮ ಸರ್ಕಾರಿ ಇಂಜಿನಿಯರಿಂಗ್ ಇಲಾಖೆಗಳಲ್ಲಿ, ರೈಲ್ವೆಯಲ್ಲಿ ಎಲ್ಲಕ್ಕಿಂತ ಕೆಳಗೆ ‘ಫೆರೋ ಪ್ರಿಂಟರ್’. ಇದು ಯಂತ್ರದ ಹೆಸರಲ್ಲ, ಹುದ್ದೆಯ ಹೆಸರು. ನೀಲಿ ನಕಲು ತೆಗೆಯುವಾತ. ಅವನ ಮೇಲೆ ‘ಟ್ರೇಸರ್’, ಬೇರೆಯವರ ಪೆನ್ಸಿಲ್ ನಕ್ಷೆಯ ಮೇಲೆ ಹಾಳೆ ಹಾಸಿ ಇಂಕಿನಲ್ಲಿ ತಿದ್ದುವಾತ. ಅವನ ಮೇಲೆ ಡ್ರಾಫ್ಟ್ಸ್‌ಮನ್, ಅದರಲ್ಲೂ ಗ್ರೇಡುಗಳು. ಬ್ರಿಟನ್ನಿನ ಹಡಗು ಕಟ್ಟುವ ಕಂಪನಿಗಳಲ್ಲಿ ಟ್ರೇಸರುಗಳು ಹೆಚ್ಚಾಗಿ ಹೆಣ್ಣುಮಕ್ಕಳು. ಅವರ ಕೈಯ ಅಚ್ಚುಕಟ್ಟಿಗೆ ಹೆಸರಿತ್ತು, ಸಂಬಳ ಮಾತ್ರ ಗಂಡಸರಿಗಿಂತ ಕಡಿಮೆ. ಒಂದು ನಕ್ಷೆ ತಪ್ಪಿದರೆ ಈ ಮೆಟ್ಟಿಲುಗಳಲ್ಲಿ ಅದು ಕೆಳಗಿಳಿದು ಮತ್ತೆ ಮೇಲೆ ಹತ್ತಬೇಕು. ಹಾಗಾಗಿ ‘ತಿದ್ದುಪಡಿ’ ಅನ್ನೋದು ಒಂದು ಗೆರೆಯ ಮಾತಾಗಿರಲಿಲ್ಲ, ನಾಲ್ಕು ಜನರ ಎರಡು ದಿನದ ಮಾತಾಗಿತ್ತು.

ಈಗ ಅಮೆರಿಕಕ್ಕೆ ಹೋಗೋಣ. 1963ರ ಜನವರಿ. ಎಂಐಟಿಯ ಐವಾನ್ ಸದರ್ಲೆಂಡ್ ಅನ್ನುವ ಇನ್ನೂ 25 ತುಂಬದ ಹುಡುಗ ತನ್ನ ಪಿಎಚ್‌ಡಿ ಪ್ರಬಂಧ ಕೊಟ್ಟ. ಅವನ ಗೈಡ್ ಕ್ಲಾಡ್ ಶಾನನ್, ಮಾಹಿತಿ ಸಿದ್ಧಾಂತದ ಜನಕ. ಪ್ರಬಂಧದ ವಸ್ತು ‘ಸ್ಕೆಚ್‌ಪ್ಯಾಡ್’ ಎಂಬ ಪ್ರೋಗ್ರಾಂ. ಅದು ಓಡಿದ್ದು ಲಿಂಕನ್ ಲ್ಯಾಬೊರೇಟರಿಯ ಟಿಎಕ್ಸ್-2 ಅನ್ನುವ ಕಂಪ್ಯೂಟರಿನ ಮೇಲೆ. ಕೋಣೆ ತುಂಬುವಷ್ಟು ದೊಡ್ಡ ಯಂತ್ರ. ಒಂದು ಪರದೆ, ಕೈಯಲ್ಲಿ ‘ಲೈಟ್ ಪೆನ್’, ಪಕ್ಕದಲ್ಲಿ ಬಟನ್ನುಗಳ ಪೆಟ್ಟಿಗೆ. ಪರದೆಯ ಮೇಲೆ ಪೆನ್ನಿಟ್ಟು ಬಟನ್ ಒತ್ತಿ ಪೆನ್ ಸರಿಸಿದರೆ ಗೆರೆ ರಬ್ಬರ್ ಬ್ಯಾಂಡಿನ ಹಾಗೆ ಅದರ ಜತೆ ಎಳೆದುಕೊಂಡು ಬರುತ್ತೆ. ಒಂದು ಬಿಂದುವಿನ ಹತ್ತಿರ ಹೋದರೆ ಪೆನ್ ತಾನಾಗಿ ಅಲ್ಲಿಗೆ ಸೆಳೆದುಕೊಳ್ಳುತ್ತೆ. ಇವತ್ತು ನಾವು ‘ಸ್ನ್ಯಾಪ್’ ಅನ್ನೋದು ಅದನ್ನೇ.

ಇದನ್ನೆಲ್ಲ ಎಲ್ಲರೂ ಬರೀತಾರೆ, ಕಂಪ್ಯೂಟರ್ ಗ್ರಾಫಿಕ್ಸ್ ಹುಟ್ಟಿದ್ದು ಇಲ್ಲೇ ಅಂತ. ಸರಿಯೇ. ಆದರೆ ನನಗೆ ಮುಖ್ಯ ಅನ್ನಿಸೋದು ಬೇರೆ. ಪ್ರಬಂಧದ ಶುರುವಿನಲ್ಲೇ ಅವನು ಒಂದು ಸಮ ಷಟ್ಕೋನ ಬರೆದು ತೋರಿಸ್ತಾನೆ. ಹೇಗೆ ಗೊತ್ತೆ? ಮೊದಲು ಆರು ಬದಿಯ ಒಂದು ಸೊಟ್ಟ ಆಕಾರ, ಅಳತೆ ಇಲ್ಲ, ಕೋನ ಇಲ್ಲ, ಮಕ್ಕಳು ಸ್ಲೇಟಿನ ಮೇಲೆ ಗೀಚಿದ ಹಾಗೆ. ಆಮೇಲೆ ಒಂದು ವೃತ್ತ. ಆಮೇಲೆ ಕಂಪ್ಯೂಟರಿಗೆ ಎರಡು ಮಾತು: ಈ ಆರು ಮೂಲೆಗಳೂ ವೃತ್ತದ ಮೇಲಿರಲಿ, ಈ ಆರು ಬದಿಗಳೂ ಸಮ ಇರಲಿ. ಸೊಟ್ಟ ಆಕಾರ ಕಣ್ಣ ಮುಂದೆಯೇ ಅಲುಗಾಡಿ ಸರಿಯಾಗಿ ಕೂತುಕೊಳ್ಳುತ್ತೆ. ವೃತ್ತ ಅಳಿಸಿದರೆ ಷಟ್ಕೋನ ಉಳಿಯುತ್ತೆ.

ಅಂದರೆ ಸದರ್ಲೆಂಡ್ ಗೆರೆಯನ್ನು ತಿದ್ದಲಿಲ್ಲ, ಗೆರೆಗಳ ನಡುವಿನ ಸಂಬಂಧ ಹೇಳಿದ. ಇದು ಅದಕ್ಕೆ ಸಮಾಂತರ, ಇದು ಅದಕ್ಕೆ ಲಂಬ, ಇವೆರಡೂ ಸಮ ಉದ್ದ. ಒಂದನ್ನು ಎಳೆದರೆ ಮಿಕ್ಕವು ಸಂಬಂಧ ಕೆಡದ ಹಾಗೆ ಹಿಂದೆ ಬರುತ್ತವೆ. ಮನೆ ನಕ್ಷೆಯಲ್ಲಿ ಗೋಡೆ ಸರಿಸಿದರೆ ಅದಕ್ಕೆ ತಾಗಿದ ಎಲ್ಲ ಗೋಡೆಗಳೂ ಉದ್ದ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು ಅನ್ನೋದು ಆ ಯಂತ್ರಕ್ಕೆ ಅರ್ಥವಾಗುವ ಮಾತು. ಬ್ಲೇಡಿನ ಸಮಸ್ಯೆಗೆ ಸದರ್ಲೆಂಡ್ ಕೊಟ್ಟ ಉತ್ತರ ಹೊಸ ಬ್ಲೇಡ್ ಅಲ್ಲ, ಬ್ಲೇಡೇ ಬೇಡ ಅನ್ನೋ ಉತ್ತರ.

ಆದರೆ ನಮ್ಮ ಡ್ರಾಯಿಂಗ್ ಆಫೀಸುಗಳಿಗೆ ಬಂದದ್ದು ಆ ಉತ್ತರ ಅಲ್ಲ.

ಕಾರಣ ದುಡ್ಡು. ಟಿಎಕ್ಸ್-2 ಅಂಥದ್ದು ಯಾರ ಮನೆಯಲ್ಲಿತ್ತು? ಅರವತ್ತು ಎಪ್ಪತ್ತರ ದಶಕದಲ್ಲಿ ಜನರಲ್ ಮೋಟರ್ಸ್ ಐಬಿಎಂ ಜತೆ ಸೇರಿ ಡ್ಯಾಕ್-1 ಮಾಡಿತು, ಫ್ರಾನ್ಸಿನಲ್ಲಿ ಕಾರಿನ ಮೈಯ ಬಾಗುಗಳಿಗಾಗಿ ಸಿಟ್ರೊಯೆನ್‌ನಲ್ಲಿ ಡಿ ಕ್ಯಾಸ್ಟಲ್‌ಜೊ, ರೆನೊದಲ್ಲಿ ಬೆಜಿಯೆ ಗಣಿತ ಕಟ್ಟಿದರು. ವಿಮಾನ ಕಂಪನಿಗಳು ತಮ್ಮ ತಮ್ಮ ವ್ಯವಸ್ಥೆ ಮಾಡಿಕೊಂಡವು. ಆಮೇಲೆ ಕಂಪ್ಯೂಟರ್‌ವಿಷನ್‌ನಂಥ ಕಂಪನಿಗಳು ಯಂತ್ರ, ಪರದೆ, ಪ್ರೋಗ್ರಾಂ ಎಲ್ಲ ಸೇರಿಸಿ ಮಾರಿದವು. ಒಂದೊಂದರ ಬೆಲೆ ಲಕ್ಷ ಡಾಲರ್ ಲೆಕ್ಕದಲ್ಲಿ. ದಾವಣಗೆರೆಯ ಬಿಲ್ಡಿಂಗ್ ಪ್ಲಾನ್ ಬರೆಯುವವರಿಗೆ ಬಿಡಿ, ಅಮೆರಿಕದ ಸಣ್ಣ ಆರ್ಕಿಟೆಕ್ಟಿಗೂ ಅದು ಆಕಾಶದ ನಕ್ಷತ್ರ.

1982ರಲ್ಲಿ ಜಾನ್ ವಾಕರ್, ಡ್ಯಾನ್ ಡ್ರೇಕ್ ಮತ್ತಿತರ ಪ್ರೋಗ್ರಾಮರುಗಳು ಕ್ಯಾಲಿಫೋರ್ನಿಯಾದಲ್ಲಿ ಆಟೋಡೆಸ್ಕ್ ಶುರು ಮಾಡಿದರು. ಒಬ್ಬೊಬ್ಬರು ಕೈಲಾದಷ್ಟು ಹಾಕಿ ಸುಮಾರು 60 ಸಾವಿರ ಡಾಲರ್ ಕೂಡಿಸಿದ ಕಂಪನಿ. ಅವರ ಹತ್ತಿರ ಒಂದಲ್ಲ, ನಾಲ್ಕಾರು ಪ್ರೋಗ್ರಾಂ ಐಡಿಯಾಗಳಿದ್ದವು. ಆಫೀಸಿನ ಮೇಜಿನ ಕೆಲಸ ಮಾಡಿಕೊಡೋ ‘ಆಟೋಡೆಸ್ಕ್’ ಅನ್ನೋದೇ ಅವುಗಳಲ್ಲಿ ಮುಖ್ಯ, ಕಂಪನಿಗೆ ಹೆಸರು ಬಂದದ್ದೂ ಅದರಿಂದ. ನಕ್ಷೆ ಬರೆಯುವ ಪ್ರೋಗ್ರಾಂ ಪಟ್ಟಿಯಲ್ಲಿ ಇನ್ನೊಂದು, ಅಷ್ಟೆ. ಅದರ ಮೂಲ ಮೈಕ್ ರಿಡ್ಲ್ ಅನ್ನುವವರು 1970ರ ದಶಕದ ಕೊನೆಯಲ್ಲಿ ಬರೆದಿದ್ದ ‘ಇಂಟರ್ಯಾಕ್ಟ್’. ಅದನ್ನು ಹೊಸದಾಗಿ ಬರೆದು, ನವೆಂಬರಿನಲ್ಲಿ ಲಾಸ್ ವೇಗಸ್‌ನ ಕಾಮ್ಡೆಕ್ಸ್ ಮೇಳಕ್ಕೆ ಒಯ್ದರು. ಆಟೋಕ್ಯಾಡ್ ಅಂತ ಹೆಸರು, 1000 ಡಾಲರ್ ಬೆಲೆ. ಮಳಿಗೆ ಮುಂದೆ ಜನವೋ ಜನ. ‘ಆಟೋಡೆಸ್ಕ್’ ಅನ್ನುವ ಪ್ರೋಗ್ರಾಂ ಮೂಲೆ ಸೇರ್ತು.

ಈ ಆಟೋಕ್ಯಾಡ್ ಓಡಬೇಕಿದ್ದ ಯಂತ್ರಗಳ ಸ್ಥಿತಿ ನೆನಪಿಡಿ. ಝಡ್80 ಚಿಪ್ಪಿನ ಸಿಪಿ/ಎಂ ಪೆಟ್ಟಿಗೆಗಳಲ್ಲಿ ಇದ್ದದ್ದು 64 ಕಿಲೋಬೈಟ್ ಮೆಮೊರಿ. ದಶಮಾಂಶ ಲೆಕ್ಕವನ್ನು ಚಿಪ್ಪು ನೇರವಾಗಿ ಮಾಡ್ತಿರಲಿಲ್ಲ, ಪ್ರೋಗ್ರಾಂ ಬೆರಳೆಣಿಸಿದ ಹಾಗೆ ಮಾಡಿಕೊಳ್ಳಬೇಕಿತ್ತು. ಅದಕ್ಕಾಗಿಯೇ ಇದ್ದ 8087 ಎಂಬ ಪ್ರತ್ಯೇಕ ಗಣಿತದ ಚಿಪ್ಪನ್ನು ಆಟೋಕ್ಯಾಡ್ ಕಡ್ಡಾಯ ಮಾಡಿದ್ದು 1987ರ ರಿಲೀಸ್ 9ರಲ್ಲಿ. ದೊಡ್ಡ ನಕ್ಷೆಯನ್ನು ಪರದೆ ಮೇಲೆ ಮತ್ತೆ ಮೂಡಿಸೋದಕ್ಕೆ ‘ರೀಜೆನ್’ ಅಂತ ಕೊಟ್ಟರೆ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಇಂಥ ಯಂತ್ರದಲ್ಲಿ ಸದರ್ಲೆಂಡನ ಹಾಗೆ ಎಲ್ಲ ಸಂಬಂಧಗಳನ್ನೂ ನೆನಪಿಟ್ಟುಕೊಂಡು, ಒಂದು ಬಿಂದು ಸರಿಸಿದಾಗಲೆಲ್ಲ ಅಷ್ಟೂ ಸಮೀಕರಣ ಬಿಡಿಸೋದು ಆಗದ ಮಾತು. ಆಟೋಕ್ಯಾಡ್ ಒಂದು ಗೆರೆಯನ್ನು ನೆನಪಿಡುತ್ತಿದ್ದದ್ದು ಎರಡು ತುದಿಗಳಾಗಿ. ಅಷ್ಟೆ. ಆ ಗೆರೆ ಯಾರಿಗೆ ತಾಗಿದೆ, ಯಾಕೆ ಅಲ್ಲಿ ನಿಂತಿದೆ, ಅದಕ್ಕೆ ಗೊತ್ತಿಲ್ಲ.

ಹಾಗಾಗಿ ತಿದ್ದೋ ಸಲಕರಣೆ ಬೇಕಾಯಿತು. ಅವು ಒಂದೇ ಸಲ ಬರಲಿಲ್ಲ. ಶುರುವಿನ ವರ್ಷಗಳಲ್ಲಿ ಗೆರೆಯ ನಡುವಿನ ತುಂಡು ತೆಗೆಯಬೇಕಾದರೆ ‘ಬ್ರೇಕ್’ ಕೊಟ್ಟು ಎರಡು ಬಿಂದು ತೋರಿಸಬೇಕಿತ್ತು. ಇದು ಬ್ಲೇಡೇ: ಇಲ್ಲಿಂದ ಇಲ್ಲಿಗೆ ಕೆರಿ. ಗೆರೆ ಉದ್ದ ಮಾಡಬೇಕಾದರೆ ‘ಚೇಂಜ್’ ಕೊಟ್ಟು ತುದಿಯನ್ನು ಎಳೆಯಬೇಕಿತ್ತು. ಬರೆದ ಆಕಾರವನ್ನು ತಿರುಗಿಸೋದಕ್ಕೆ ನೇರ ಕಮಾಂಡೇ ಇರಲಿಲ್ಲ. ಅದನ್ನು ‘ಬ್ಲಾಕ್’ ಮಾಡಿ, ಬೇಕಾದ ಕೋನ ಹೇಳಿ ಮತ್ತೆ ಒಳಗೆ ತಂದು ಕೂರಿಸುವ ಸುತ್ತುದಾರಿ. ಗ್ರಾಹಕರ ಬೇಡಿಕೆ ಪಟ್ಟಿ ಉದ್ದ ಆಗುತ್ತಾ ಹೋಯಿತು.

1986ರ ಜೂನ್‌ನಲ್ಲಿ ಬಂದ 2.5ನೇ ಆವೃತ್ತಿ ಆ ಪಟ್ಟಿಗೆ ಉತ್ತರ. ಟ್ರಿಮ್, ಎಕ್ಸ್‌ಟೆಂಡ್, ಆಫ್‌ಸೆಟ್, ಸ್ಟ್ರೆಚ್, ರೊಟೇಟ್, ಸ್ಕೇಲ್, ಎಕ್ಸ್‌ಪ್ಲೋಡ್, ಡಿವೈಡ್ – ಇಷ್ಟೂ ಅದೊಂದರಲ್ಲೇ ಬಂದವು. ಇವತ್ತಿಗೂ ಕ್ಯಾಡ್ ಕ್ಲಾಸಿಗೆ ಸೇರಿದ ಹುಡುಗರು ಮೊದಲ ವಾರ ಕಲಿಯುವ ಪಾಠದ ಅರ್ಧ ಇದೇ. ಲಿಬ್ರೆಕ್ಯಾಡ್‌ನಂಥ ಉಚಿತ ತಂತ್ರಾಂಶಗಳಲ್ಲೂ ಹೆಸರು ಹೆಚ್ಚುಕಡಿಮೆ ಇವೇ. ನನ್ನ ಲೆಕ್ಕದಲ್ಲಿ ಎರಡು ಆಯಾಮದ ಡ್ರಾಫ್ಟಿಂಗಿನ ವ್ಯಾಕರಣ ಮುಗಿದದ್ದು ಆ ವರ್ಷ. ಆಮೇಲೆ ಬಂದದ್ದರಲ್ಲಿ ಬಹುಪಾಲು ಅನುಕೂಲ.

ಟ್ರಿಮ್ ಒಳಗೆ ಏನು ನಡೆಯುತ್ತೆ ಅಂತ ನೋಡಿ, ಬಹಳ ಸರಳ. ಗೆರೆಯ ಒಂದು ತುದಿ 0, ಇನ್ನೊಂದು ತುದಿ 1 ಅಂದ್ಕೊಳ್ಳಿ. ಅದನ್ನು ಒಂದು ಅಡ್ಡಗೆರೆ ದಾಟುತ್ತೆ. ಎಲ್ಲಿ ದಾಟುತ್ತೆ ಅನ್ನೋದು ಹೈಸ್ಕೂಲಿನ ಎರಡು ಸಮೀಕರಣದ ಲೆಕ್ಕ, ಉತ್ತರ 0.7 ಅಂತ ಬಂತು. ನೀವು ಕ್ಲಿಕ್ ಮಾಡಿದ್ದು 0.9ರ ಹತ್ತಿರ. ಸರಿ, 0.7ರಿಂದ ಆಚೆಯದು ನಿಮಗೆ ಬೇಡ. ಕಂಪ್ಯೂಟರ್ ಹಳೆಯ ತುದಿಯನ್ನು ಬಿಸಾಡಿ 0.7ರಲ್ಲಿ ಹೊಸ ತುದಿ ಬರೆದುಕೊಳ್ಳುತ್ತೆ. ಎಕ್ಸ್‌ಟೆಂಡ್ ಇದರ ಉಲ್ಟಾ: ಉತ್ತರ 1.3 ಅಂತ ಬರುತ್ತೆ, ಗೆರೆ ಅಲ್ಲಿಯವರೆಗೆ ಬೆಳೆಯುತ್ತೆ. ಬ್ರೇಕ್‌ನಲ್ಲಿ ಎಲ್ಲಿ ಕಡಿಯಬೇಕು ಅಂತ ನೀವು ಹೇಳಬೇಕಿತ್ತು, ಟ್ರಿಮ್‌ನಲ್ಲಿ ಯಾವುದು ಬೇಡ ಅಂತ ಹೇಳಿದರೆ ಸಾಕು. ಇರೇಸಿಂಗ್ ಶೀಲ್ಡಿನ ಕಿಂಡಿಯನ್ನು ಈಗ ಪಕ್ಕದ ಗೆರೆಯೇ ಒದಗಿಸುತ್ತೆ.

ಫಿಲೆಟ್ ಇವಕ್ಕಿಂತ ಹಿಂದಿನಿಂದಲೇ ಇತ್ತು. ತ್ರಿಜ್ಯ ಹೇಳಿ, ಎರಡು ಗೆರೆ ಮುಟ್ಟಿದರೆ ಮೂಲೆ ದುಂಡು. ಒಳಗೆ ನಡೆಯೋದು ಮೇಲೆ ಹೇಳಿದ ಆ ಪೆನ್ಸಿಲ್ ಲೆಕ್ಕವೇ, ಸಮಾಂತರ ಗೆರೆ, ಕೇಂದ್ರ, ಲಂಬ, ಎಲ್ಲ. ಆದರೆ ಕ್ರಮ ತಲೆಕೆಳಗಾಯಿತು ನೋಡಿ. ಕೈಯಲ್ಲಿ ಕಮಾನು ಮೊದಲು, ಗೆರೆ ಆಮೇಲೆ. ಇಲ್ಲಿ ಗೆರೆ ಮೊದಲು, ಅದೂ ಮನಸ್ಸಿಗೆ ಬಂದಷ್ಟು ಉದ್ದ. ಕಮಾನು ಕೊನೆಗೆ, ಹೆಚ್ಚಾದದ್ದನ್ನು ಅದೇ ಕತ್ತರಿಸಿಕೊಳ್ಳುತ್ತೆ. ತ್ರಿಜ್ಯ ಸೊನ್ನೆ ಕೊಟ್ಟರೆ ಇನ್ನೂ ಮಜಾ. ದುಂಡೇ ಇಲ್ಲ, ಎರಡು ಗೆರೆಗಳು ಚೂಪಾಗಿ ಸೇರುತ್ತವೆ, ಮುಂದೆ ಚಾಚಿದ್ದು ಕಡಿದುಹೋಗುತ್ತೆ, ಹಿಂದೆ ಉಳಿದದ್ದು ಬೆಳೆಯುತ್ತೆ. ಮೂಲೆ ದುಂಡಗೆ ಮಾಡುವ ಸಲಕರಣೆಯನ್ನು ಮೂಲೆ ಚೂಪು ಮಾಡೋದಕ್ಕೇ ಆಫೀಸುಗಳಲ್ಲಿ ಹೆಚ್ಚು ಬಳಸ್ತಾರೆ.

ಆಫ್‌ಸೆಟ್ ನೋಡೋಕೆ ಸಾಧು, ಒಳಗೆ ತಂಟೆಕೋರ. ಗೆರೆಗೆ ಸಮಾಂತರ ಗೆರೆ ಸುಲಭ, ವೃತ್ತಕ್ಕೆ ತ್ರಿಜ್ಯ ಹೆಚ್ಚಿಸಿದ ಇನ್ನೊಂದು ವೃತ್ತ. ಆದರೆ ದೀರ್ಘವೃತ್ತದಿಂದ ಎಲ್ಲ ಕಡೆ ಒಂದೇ ದೂರದಲ್ಲಿ ಗೆರೆ ಎಳೆದರೆ ಬರೋದು ದೀರ್ಘವೃತ್ತ ಅಲ್ಲ, ಅದು ಬೇರೆಯೇ ಜಾತಿಯ ವಕ್ರರೇಖೆ. ಆಟೋಕ್ಯಾಡಿಗೆ ನಿಜವಾದ ದೀರ್ಘವೃತ್ತ ಬಂದದ್ದೇ 1994ರ ರಿಲೀಸ್ 13ರಲ್ಲಿ, ಅಲ್ಲಿಯ ತನಕ ಸಣ್ಣ ಸಣ್ಣ ಕಮಾನು ಜೋಡಿಸಿ ಕಣ್ಣಿಗೆ ಮಣ್ಣೆರಚುತ್ತಿತ್ತು.

ಮಿರರ್ ಬಗ್ಗೆ ಒಂದು ಮಾತು. ಟ್ರೇಸಿಂಗ್ ಹಾಳೆ ಪಾರದರ್ಶಕ ತಾನೆ, ಮಗುಚಿ ಹಾಕಿ ಮತ್ತೆ ತಿದ್ದಿದರೆ ಎಡದ ಮನೆ ಬಲದ ಮನೆಯಾಗುತ್ತೆ. ಜೋಡಿ ಕ್ವಾರ್ಟರ್ಸುಗಳ ನಕ್ಷೆ ಹೀಗೇ ಬರೆಯೋದು. ಅಕ್ಷರಗಳನ್ನು ಮಾತ್ರ ಮಗುಚಬಾರದು ಅಂತ ಟ್ರೇಸರಿಗೆ ಯಾರೂ ಹೇಳಬೇಕಿರಲಿಲ್ಲ. ಕಂಪ್ಯೂಟರಿಗೆ ಹೇಳಬೇಕು. ‘ಮಿರ್‌ಟೆಕ್ಸ್ಟ್’ ಅನ್ನೋ ಸ್ವಿಚ್ಚು ಸೊನ್ನೆಯಲ್ಲಿ ಇರದೆ ಹೋದರೆ ‘ಬೆಡ್‌ರೂಂ’ ಅನ್ನೋದು ಆಂಬುಲೆನ್ಸಿನ ಮೂತಿಯ ಮೇಲಿನ ಅಕ್ಷರದ ಹಾಗೆ ಕಾಣುತ್ತೆ. ಇನ್ನು ನಮ್ಮೂರಲ್ಲಿ ಮಿರರ್ ಮಾಡೋದಕ್ಕೆ ಬೇರೆಯೇ ಅಡ್ಡಿ. ಆಗ್ನೇಯದಲ್ಲಿದ್ದ ಅಡುಗೆಮನೆ ಒಂದು ಕ್ಲಿಕ್ಕಿಗೆ ನೈಋತ್ಯಕ್ಕೆ ಹೋಗಿ ಕೂತರೆ ಮನೆ ಯಜಮಾನರು ಸುಮ್ಮನಿರ್ತಾರಾ?

ಇಷ್ಟೆಲ್ಲ ಕೊಟ್ಟ ಮೇಲೂ ಒಂದು ಕೊರತೆ ಉಳಿದೇ ಇತ್ತು. ಟ್ರಿಮ್‌ಗೆ ಮರೆವು. ಗೋಡೆಯವರೆಗೆ ಗೆರೆ ಕತ್ತರಿಸಿದಿರಿ, ಕತ್ತರಿಸಿದ ಮರುಕ್ಷಣ ‘ಗೋಡೆಗಾಗಿ ನಿಂತಿದ್ದೇನೆ’ ಅನ್ನೋದು ಆ ಗೆರೆಗೆ ಮರೆತುಹೋಗುತ್ತೆ. ಉಳಿಯೋದು ಹೊಸ ತುದಿಯ ಎರಡು ಅಂಕಿ. ನಾಳೆ ಮಾಲೀಕರು ಬಂದು ‘ಹಾಲ್ ಎರಡಡಿ ದೊಡ್ಡದು ಮಾಡಿ’ ಅಂದರೆ ಗೋಡೆ ಸರಿಯುತ್ತೆ, ಗೆರೆ ಅಲ್ಲೇ ನಿಲ್ಲುತ್ತೆ. ಸ್ಟ್ರೆಚ್ ಕೊಟ್ಟು ಒಂದಷ್ಟನ್ನು ಒಟ್ಟಿಗೆ ಎಳೆಯಬಹುದು, ಮಿಕ್ಕಿದ್ದಕ್ಕೆ ಮತ್ತೆ ಎಕ್ಸ್‌ಟೆಂಡ್, ಮತ್ತೆ ಟ್ರಿಮ್. ಯಾವ ಗೆರೆ ಯಾವುದಕ್ಕೆ ಸೇರಿದ್ದು ಅನ್ನೋ ನೆನಪು ಯಂತ್ರದಲ್ಲಿಲ್ಲ, ಕುರ್ಚಿಯಲ್ಲಿ ಕೂತವರ ತಲೆಯಲ್ಲಿದೆ. ಹಾಗಂತ ಸದರ್ಲೆಂಡನ ಎಲ್ಲವೂ ಕಳೆದುಹೋಯಿತು ಅಂತಲ್ಲ. ಒಂದು ಮೂಲ ಚಿತ್ರ ಮಾಡಿ ಅದರ ಪ್ರತಿಗಳನ್ನು ಇಡೋದು, ಮೂಲ ಬದಲಾದರೆ ಪ್ರತಿಗಳೆಲ್ಲ ಬದಲಾಗೋದು, ಇದು ಸ್ಕೆಚ್‌ಪ್ಯಾಡಿನಲ್ಲಿ ಇದ್ದದ್ದೇ. ಅದು ‘ಬ್ಲಾಕ್’ ಆಗಿ ಉಳಿಯಿತು. ಕಿಟಕಿ ಬಾಗಿಲುಗಳಿಗೆ ಆದ ಅದೃಷ್ಟ ಗೋಡೆಗಳಿಗೆ ಆಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಬೋರ್ಡಿನಿಂದ ಕಂಪ್ಯೂಟರಿಗೆ ಬಂದಿದ್ದ ಹಿರಿಯರೊಬ್ಬರಿದ್ದರು. ನಾವೆಲ್ಲ ‘ಸರ್’ ಅಂತಿದ್ವಿ, ಅವರು ನಮ್ಮನ್ನೆಲ್ಲ ‘ಮರಿ’ ಅಂತಿದ್ರು. ಅವರು ಟ್ರಿಮ್ ಬಳಸಿದ್ದನ್ನು ನಾನು ನೋಡಿದ್ದೇ ಅಪರೂಪ. ಗೆರೆ ಶುರು ಮಾಡೋ ಮೊದಲು ಪಕ್ಕದ ರಫ್ ಹಾಳೆಯಲ್ಲಿ ಗೋಡೆ ದಪ್ಪ ಕಳೆದು, ಕೂಡಿಸಿ, ಉದ್ದ ಟೈಪ್ ಮಾಡಿ, ಅಷ್ಟಕ್ಕೇ ಎಳೀತಿದ್ರು. ನಾವು ಉದ್ದುದ್ದ ಗೆರೆ ಎಳೆದು ಜಾಲರಿ ಮಾಡಿ, ಆಮೇಲೆ ಕಳೆ ಕೀಳೋ ಹಾಗೆ ಕತ್ತರಿಸ್ತಾ ಹೋಗ್ತಿದ್ವಿ. ವೇಗದಲ್ಲಿ ನಾವೇ ಮುಂದೆ. ಆದರೆ ಅವರ ನಕ್ಷೆಯಲ್ಲಿ ಒಂದು ಗೆರೆಯ ಮೇಲೆ ಇನ್ನೊಂದು ಕೂತದ್ದು, ಸೇರಬೇಕಾದ ತುದಿ ಸೇರದೆ ಉಳಿದದ್ದು ಸಿಗ್ತಿರಲಿಲ್ಲ. ‘ಯಾಕೆ ಸರ್ ಇಷ್ಟು ಲೆಕ್ಕ?’ ಅಂದರೆ ಅವರ ಉತ್ತರ: ‘ಮರಿ, ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ದಿದ್ರೆ ಗೆರೆ ಯಾಕೆ ಎಳೀತೀಯ?’ ಅದು ಬ್ಲೇಡ್ ಕಲಿಸಿದ ಮಾತು. ಬ್ಲೇಡ್ ಹಿಡಿಯದವರ ಬಾಯಲ್ಲಿ ಅದು ಹುಟ್ಟೋದಿಲ್ಲ ಅಂತ ನನ್ನ ನಂಬಿಕೆ.

ಅವರ ಪಕ್ಕದಲ್ಲಿ ಹಿಂದೆ ಕೂರ್ತಿದ್ದ ಟ್ರೇಸರುಗಳು ಕಂಪ್ಯೂಟರಿಗೆ ಬರಲಿಲ್ಲ. ಇಲ್ಲೊಂದು ವಿಚಿತ್ರ ಇದೆ. ಕಂಪ್ಯೂಟರ್ ಬಂದು ಡ್ರಾಫ್ಟ್ಸ್‌ಮನ್ನುಗಳ ಕೆಲಸ ಹೋಗುತ್ತೆ ಅಂತ ಎಲ್ಲರೂ ಹೆದರಿದ್ದರು. ಮೊದಲು ಹೋದದ್ದು ನಕಲು ಮಾಡುವವರ ಕೆಲಸ, ಟ್ರೇಸರ್, ಫೆರೋ ಪ್ರಿಂಟರ್. ಡ್ರಾಫ್ಟ್ಸ್‌ಮನ್ ಉಳಿದರು, ‘ಕ್ಯಾಡ್ ಆಪರೇಟರ್’ ಅಂತ ಹೆಸರು ಬದಲಾಯಿಸಿಕೊಂಡು. ಅವರು ಉಳಿಯೋದಕ್ಕೆ ಕಾರಣ ಟ್ರಿಮ್‌ನ ಆ ಮರೆವೇ. ಯಂತ್ರ ಸಂಬಂಧ ನೆನಪಿಟ್ಟುಕೊಂಡಿದ್ದರೆ ಮಾಲೀಕರ ಎರಡಡಿಗೆ ಮನುಷ್ಯ ಬೇಕಿರಲಿಲ್ಲ. ಆದರೆ ತಿದ್ದೋದು ಅಗ್ಗವಾದ ಮೇಲೆ ತಿದ್ದು ಅನ್ನೋರೂ ಹೆಚ್ಚಾದರು. ಹಿಂದೆ ‘ಹಾಳೆ ತೂತಾಗುತ್ತೆ ಸ್ವಾಮಿ’ ಅಂದರೆ ಸುಮ್ಮನಾಗುತ್ತಿದ್ದವರು ಈಗ ರಾತ್ರಿ ಹತ್ತಕ್ಕೆ ‘ಕಂಪ್ಯೂಟರಲ್ಲೇ ಇದೆಯಲ್ಲ, ಹತ್ತು ನಿಮಿಷದ ಕೆಲಸ’ ಅಂತಾರೆ. ಬೋರ್ಡಿನ ಕಾಲದಲ್ಲಿ ಮೂರು ಸಲ ತಿದ್ದಿಸಿಕೊಂಡ ನಕ್ಷೆ ದೊಡ್ಡ ಸುದ್ದಿ. ಈಗ ಫೈಲಿನ ಹೆಸರುಗಳನ್ನು ನೋಡಿದರೆ ಸಾಕು: ಫೈನಲ್, ಫೈನಲ್-2, ಫೈನಲ್-ನ್ಯೂ, ಫೈನಲ್-ಫೈನಲ್.

ಸಂಬಂಧ ಹೇಳುವ ದಾರಿ ಮತ್ತೆ ಬಂದದ್ದು ಯಂತ್ರ ಭಾಗ ಬರೆಯುವವರ ಕಡೆಯಿಂದ. 1988ರ ಹೊತ್ತಿಗೆ ಪ್ರೊ-ಇಂಜಿನಿಯರ್ ಅನ್ನುವ ತಂತ್ರಾಂಶ ಅಳತೆ ಬದಲಾಯಿಸಿದರೆ ಆಕಾರವೇ ಬದಲಾಗುವ ಪದ್ಧತಿಯನ್ನು ಮಾರುಕಟ್ಟೆಗೆ ತಂತು, ಮಿಕ್ಕವರೆಲ್ಲ ಹಿಂದೆ ಬಿದ್ದರು. ನಮ್ಮ ವಿಟಿಯು ಕಾಲೇಜುಗಳ ಮೊದಲ ವರ್ಷದಲ್ಲಿ ಕಂಪ್ಯೂಟರ್ ಮೇಲೆ ಡ್ರಾಯಿಂಗ್ ಕಲಿತವರು ಸಾಲಿಡ್ ಎಡ್ಜ್‌ನಲ್ಲಿ ಗೆರೆಗಳ ಪಕ್ಕ ಸಣ್ಣ ಸಣ್ಣ ಗುರುತು ನೋಡಿರ್ತೀರಿ, ಲಂಬ, ಸಮಾಂತರ, ಸಮ ಅಂತ. ಆ ಷಟ್ಕೋನದ ವಂಶದವು ಅವು. ಆಟೋಕ್ಯಾಡಿನ ಎರಡು ಆಯಾಮಕ್ಕೆ ಇದೇ ಸೌಲಭ್ಯ ಬಂದದ್ದು 2009ರಲ್ಲಿ, ಆಟೋಕ್ಯಾಡ್ 2010 ಅನ್ನುವ ಆವೃತ್ತಿಯಲ್ಲಿ. ಸ್ಕೆಚ್‌ಪ್ಯಾಡ್ ಆಗಿ 46 ವರ್ಷ. ಸದರ್ಲೆಂಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂದೇ ಎರಡು ದಶಕ ಕಳೆದಿತ್ತು. ಬಂತು ಸರಿ, ಬಳಸಿದರಾ? ನಾನು ನೋಡಿದ ಬಿಲ್ಡಿಂಗ್ ಪ್ಲಾನ್ ಆಫೀಸುಗಳಲ್ಲಿ ಆ ಮೆನುವನ್ನು ತೆರೆದವರೇ ಅಪರೂಪ. 23 ವರ್ಷ ಟ್ರಿಮ್ ಒತ್ತಿದ ಬೆರಳಿಗೆ ಬೇರೆ ಭಾಷೆ ಹತ್ತೋದು ಕಷ್ಟ.

ಆ ಮರೆವಿನ ದಂಡ ಕಟ್ಟೋದು ಎಲ್ಲಿ ಅಂತ ನೋಡಬೇಕಾದರೆ ಪೀಣ್ಯದ ಯಾವುದಾದರೂ ಲೇಸರ್ ಕಟಿಂಗ್ ಶೆಡ್ಡಿಗೆ ಹೋಗಿ. ಕಾಗದದ ಮೇಲೆ ಅರ್ಧ ಮಿಲಿಮೀಟರ್ ಬಿರುಕಿದ್ದರೆ ಕಣ್ಣು ಕ್ಷಮಿಸುತ್ತೆ, ಮೇಸ್ತ್ರಿಯೂ ಕ್ಷಮಿಸ್ತಾನೆ. ಲೇಸರ್ ಕ್ಷಮಿಸೋದಿಲ್ಲ. ಸುತ್ತು ಮುಚ್ಚಿಲ್ಲ ಅಂದರೆ ತಗಡು ತುಂಡಾಗಿ ಬೀಳೋದಿಲ್ಲ. ಒಂದರ ಮೇಲೊಂದು ಎರಡು ಗೆರೆ ಕೂತಿದ್ದರೆ ಅದೇ ಜಾಗವನ್ನು ಎರಡು ಸಲ ಸುಡುತ್ತೆ. ಅದಕ್ಕೇ ಅಲ್ಲಿ ಫೈಲ್ ಬಂದ ತಕ್ಷಣ ಮೊದಲು ‘ಓವರ್‌ಕಿಲ್’ ಅನ್ನುವ ಕಮಾಂಡ್ ಓಡಿಸ್ತಾರೆ, ಜೋಡಿ ಗೆರೆಗಳನ್ನು ಹುಡುಕಿ ಅಳಿಸೋದಕ್ಕೆ. ಆಮೇಲೆ ತೆರೆದ ತುದಿಗಳನ್ನು ಒಂದೊಂದೇ ಹಿಗ್ಗಿಸಿ ನೋಡಿ ಸೇರಿಸ್ತಾರೆ. ಅಲ್ಲಿ ಆ ಕೆಲಸಕ್ಕೆ ಕೂತವರನ್ನು ಯಾರೂ ಟ್ರೇಸರ್ ಅಂತ ಕರೆಯೋದಿಲ್ಲ, ಆದರೆ ಬೇರೆಯವರು ಬರೆದ ಗೆರೆಯ ಮೇಲೆ ಮತ್ತೆ ಕೈಯಾಡಿಸೋದೇ ಅವರ ಕೆಲಸ.

2020ರಲ್ಲಿ ಆಟೋಡೆಸ್ಕ್ ಟ್ರಿಮ್‌ನ ನಡವಳಿಕೆಯನ್ನೇ ಬದಲಾಯಿಸಿತು. ಅಲ್ಲಿಯ ತನಕ ಟ್ರಿಮ್ ಮೊದಲು ಕೇಳುತ್ತಿದ್ದದ್ದು ‘ಯಾವ ಗೆರೆಯನ್ನು ಗಡಿ ಮಾಡಲಿ?’ ಅಂತ. ಬಲ್ಲವರು ಉತ್ತರಿಸದೆ ಎಂಟರ್ ಒತ್ತುತ್ತಿದ್ದರು, ಹಾಗೆಂದರೆ ಎಲ್ಲವೂ ಗಡಿಯೇ. ಹೊಸ ಆವೃತ್ತಿಯಲ್ಲಿ ಆ ಪ್ರಶ್ನೆಯೇ ಇಲ್ಲ, ಎಲ್ಲ ಗೆರೆಯೂ ಗಡಿ ಅಂತಿಟ್ಟುಕೊಂಡು ನೇರವಾಗಿ ಕತ್ತರಿಸುತ್ತೆ. ಒಂದು ಎಂಟರ್ ಉಳಿತಾಯ. ಹಳಬರು ಒಪ್ಪಿದರಾ? ಅವರಿಗಾಗಿ ‘ಟ್ರಿಮ್‌ಎಕ್ಸ್‌ಟೆಂಡ್‌ಮೋಡ್’ ಅನ್ನುವ ಒಂದು ಸ್ವಿಚ್ಚನ್ನೂ ಇಟ್ಟಿದ್ದಾರೆ. ಹೊಸ ಕಂಪ್ಯೂಟರ್ ಬಂದ ದಿನ ನಮ್ಮಲ್ಲಿ ಹಲವರು ಮೊದಲು ಮಾಡುವ ಕೆಲಸ ಅದನ್ನು ಸೊನ್ನೆಗೆ ತಿರುಗಿಸೋದು.